ಸೆರಗಿಗೂ ತೂಕ ಇದೆ: ಓದುಗರ ಪ್ರಶ್ನೆ, ಕಲಾವಿದೆಯ ಉತ್ತರ

ಹೋದ ತಿಂಗಳ ಸಂಚಿಕೆಯಲ್ಲಿ ನನ್ನ ಹೊಸ ಚಿತ್ರಗಳು ಅಚ್ಚಾಗಿದ್ದವು. ಆರು ಸೀರೆಯ ಚಿತ್ರ, ನಾಲ್ಕು ಪೋರ್ಟ್ರೇಟ್. ಅವನ್ನು ನೋಡಿ ನೀವು ಬರೆದ ಪತ್ರಗಳನ್ನೆಲ್ಲ ಓದಿದೆ, ಕೆಲವನ್ನು ಎರಡು ಸಲ ಓದಿದೆ. ಎಲ್ಲಕ್ಕೂ ಇಲ್ಲಿ ಜಾಗ ಸಾಲದು. ಜಾಸ್ತಿ ಜನ ಕೇಳಿದ್ದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ಫ್ಯಾಷನ್ ಚಿತ್ರ ಅಂದರೆ ಉದ್ದ ಕಾಲು, ಸಣ್ಣ ಸೊಂಟ ಅಂತ ನಮಗೆ ಹೇಳಿಕೊಟ್ಟಿದ್ದಾರೆ. ನಿಮ್ಮ ಚಿತ್ರದಲ್ಲಿರುವವರು ನಮ್ಮ ಬೀದಿಯಲ್ಲಿ ಓಡಾಡುವ ಹೆಂಗಸರ ಹಾಗೇ ಇದ್ದಾರೆ. ಬೇಕಂತಲೇ ಹೀಗೆ ಬರೆದಿರಾ?
(ಫ್ಯಾಷನ್ ಡಿಸೈನ್ ವಿದ್ಯಾರ್ಥಿನಿ, ಜಯನಗರ)

ಉತ್ತರ: ಹೌದು, ಬೇಕಂತಲೇ. ಕಾಲೇಜಿನಲ್ಲಿ ನೀವು ಕ್ರೋಕಿ, ಅಂದರೆ ಬಟ್ಟೆ ತೋರಿಸಲು ಬರೆಯುವ ಮೈಯ ಸ್ಕೆಚ್, ಬರೆಯುತ್ತೀರಿ ಅಲ್ವಾ, ಅದರಲ್ಲಿ ತಲೆಯ ಉದ್ದವೇ ಅಳತೆಗೋಲು. ಮೈಯನ್ನು 9 ತಲೆ, ಕೆಲವರು 10 ತಲೆಯಷ್ಟು ಉದ್ದ ಎಳೆಯುತ್ತಾರೆ. ನಿಜವಾದ ಮನುಷ್ಯರು ಸುಮಾರು ಏಳೂವರೆ ತಲೆ ಇರುತ್ತಾರೆ, ಅಷ್ಟೇ. ಜಾಸ್ತಿ ಎಳೆದ ಉದ್ದದಲ್ಲಿ ಹೆಚ್ಚಿನದು ಕಾಲಿಗೇ ಹೋಗುತ್ತದೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಉದ್ದ ಗೌನಿಗೆ, ಕೋಟಿಗೆ ಅದು ಚೆನ್ನಾಗಿ ಹೊಂದುತ್ತದೆ. ನಾನೂ ಎಷ್ಟೋ ವರ್ಷ ಹಾಗೇ ಬರೆದೆ. ಆದರೆ ಸೀರೆಗೆ ಬಂದಾಗ ಸಿಕ್ಕಿಹಾಕಿಕೊಂಡೆ. ಕಾಲು ಉದ್ದ ಮಾಡಿದರೆ ನೆರಿಗೆಯೂ ಉದ್ದ ಆಗುತ್ತದೆ, ನೀರಿನ ಪೈಪ್ ನಿಲ್ಲಿಸಿದ ಹಾಗೆ ಕಾಣುತ್ತದೆ. ಐದೂವರೆ ಮೀಟರ್ ಬಟ್ಟೆಯನ್ನು ಒಬ್ಬರು ಮೈಮೇಲೆ ಹೊತ್ತಿದ್ದಾರೆ ಅನ್ನುವುದೇ ಗೊತ್ತಾಗುವುದಿಲ್ಲ.

ಇದನ್ನು ನನಗೆ ಕಲಿಸಿದ್ದು ನಮ್ಮ ಕೆಳಗಿನ ಮನೆಯ ಅಜ್ಜಿ. ಬಾಗಲಕೋಟೆ ಕಡೆಯವರು, ದಿನಾ ಇಳಕಲ್ ಸೀರೆಯನ್ನೇ ಉಡುತ್ತಾರೆ. ಮಧ್ಯಾಹ್ನ ಅವರು ಅಡುಗೆಮನೆ ಹೊಸ್ತಿಲ ಹತ್ತಿರ ಕೂತು ಅವರೆಕಾಯಿ ಸುಲಿಯುವಾಗ ಎದುರು ಕೂತು ಬರೆಯುತ್ತಿದ್ದೆ. ಮೊದಲ ಮೂರು ಸ್ಕೆಚ್ ನೋಡಿ ಅವರು ಏನೂ ಅನ್ನಲಿಲ್ಲ. ನಾಲ್ಕನೆಯದನ್ನು ಕೈಗೆ ತೆಗೆದುಕೊಂಡು, "ನನ್ನ ಸೆರಗು ಹಿಂಗ ಹಾರೂದಿಲ್ಲವಾ, ಅದಕ್ಕ ತೂಕ ಐತಿ" ಅಂದರು. ಅವತ್ತು ಮೊದಲ ಸಲ ಆ ಸೀರೆಯನ್ನು ಸರಿಯಾಗಿ ನೋಡಿದೆ. ಒಡಲು ಹತ್ತಿ, ಕಡುನೀಲಿ. ಸೆರಗು ಕೆಂಪು ರೇಷ್ಮೆ, ಅದರ ಮೇಲೆ ಬಿಳಿ ಹಣಿಗೆ, ಕೋಟೆಯಂಥ ವಿನ್ಯಾಸ. ಎರಡನ್ನೂ ಮಗ್ಗದಲ್ಲೇ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ, ಆ ಜೋಡಣೆಗೆ ತೋಪು ತೆನೆ ಅನ್ನುತ್ತಾರೆ. ಹತ್ತಿಯ ಭಾಗ ಅಜ್ಜಿಯ ಬೆನ್ನಿನ ಮೇಲೆ ಮೂಲೆ ಮೂಲೆಯಾಗಿ ಮಡಿಕೆ ಬಿದ್ದು ನಿಂತಿತ್ತು. ಕೆಂಪು ಶುರುವಾದ ಕಡೆಯಿಂದ ಬಟ್ಟೆ ಜಾರಿ, ಭುಜದಿಂದ ನೇರ ತೊಡೆಯ ಮೇಲೆ ಬಂದು ಗುಂಪಾಗಿ ಕೂತಿತ್ತು. ನಾನು ಅಷ್ಟು ದಿನ ಎರಡನ್ನೂ ಒಂದೇ ಗೆರೆಯಲ್ಲಿ ಬರೆದಿದ್ದೆ!

ಹಾಗಾಗಿ ನಿಮಗೆ ಒಂದು ಮಾತು. ಮೈ ಬರೆಯುವ ಮುಂಚೆ ಬಟ್ಟೆ ಬರೆಯಿರಿ. ಮನೆಯಲ್ಲಿರುವ ಸೀರೆಗಳನ್ನು ಒಂದೊಂದಾಗಿ ಕುರ್ಚಿಯ ಬೆನ್ನಿಗೆ ಹಾಕಿ, ಬರೀ ಮಡಿಕೆಗಳನ್ನು ಬರೆಯಿರಿ. ಮೈಸೂರು ಸಿಲ್ಕ್‌ನ ಕ್ರೇಪ್ ಮೈಗೆ ಅಂಟಿಕೊಂಡು ಹರಿಯುತ್ತದೆ, ಅದಕ್ಕೆ ಉದ್ದ ಮೆತ್ತನೆಯ ಗೆರೆ ಬೇಕು. ಕಾಂಜೀವರಂ ದಪ್ಪ, ಮಡಿಕೆ ದೊಡ್ಡದು, ಕಡಿಮೆ, ಬಟ್ಟೆ ತಾನೇ ನಿಂತುಕೊಳ್ಳುತ್ತದೆ. ಗಂಜಿ ಹಾಕಿದ ಕಾಟನ್ ಸೀರೆಯ ಮಡಿಕೆ ಕಾಗದ ಮಡಿಚಿದ ಹಾಗೆ ಚೂಪು. ಮಡಿಕೆಗಳೆಲ್ಲ ಎಲ್ಲಿಂದ ಹೊರಡುತ್ತವೆ ನೋಡಿ: ಭುಜ, ಸೊಂಟ, ಮೊಣಕಾಲು, ಹೀಗೆ ಬಟ್ಟೆ ಬಿಗಿಯಾದ ಜಾಗದಿಂದ. ಆ ಜಾಗಗಳು ಸರಿಯಾಗಿ ಸಿಕ್ಕರೆ ಒಳಗಿನ ಮೈ ತಾನಾಗಿ ಕಾಣುತ್ತದೆ. ಕಾಲೇಜಿನಲ್ಲಿ 9 ತಲೆಯ ಲೆಕ್ಕ ಕೇಳಿದರೆ ಅದನ್ನೂ ಬರೆದುಕೊಡಿ, ಮಾರ್ಕ್ಸ್ ಕಳೆದುಕೊಳ್ಳಬೇಡಿ. ಪಕ್ಕದಲ್ಲಿ ಇನ್ನೊಂದು ಪುಸ್ತಕ ಇರಲಿ.

ಪ್ರಶ್ನೆ: ನಾನು ಬರೆಯುವ ಪೋರ್ಟ್ರೇಟ್‌ನಲ್ಲಿ ಕಣ್ಣು, ಮೂಗು, ಬಾಯಿ ಬೇರೆ ಬೇರೆಯಾಗಿ ನೋಡಿದರೆ ಸರಿಯಾಗೇ ಇರುತ್ತವೆ. ಒಟ್ಟಿಗೆ ನೋಡಿದರೆ ಬೇರೆ ಯಾರೋ ಆಗಿಬಿಡುತ್ತಾರೆ. ಯಾಕೆ?
(ಬ್ಯಾಂಕ್ ಉದ್ಯೋಗಿ, ಮಲ್ಲೇಶ್ವರ)

ಉತ್ತರ: ನಿಮ್ಮ ತಾಯಿ ರಸ್ತೆಯ ಆ ತುದಿಯಿಂದ ನಡೆದು ಬರುತ್ತಿದ್ದರೆ ನಿಮಗೆ ಗುರುತು ಸಿಗುತ್ತದೆ. ಅಷ್ಟು ದೂರದಿಂದ ಕಣ್ಣು, ಮೂಗು ಎಲ್ಲಿ ಕಾಣುತ್ತವೆ? ಕತ್ತು ವಾಲುವ ರೀತಿ, ತಲೆಯ ಆಕಾರ, ಭುಜದ ಇಳಿಜಾರು, ಇಷ್ಟರಲ್ಲೇ ಅವರು ಯಾರು ಅಂತ ಗೊತ್ತಾಗಿಬಿಡುತ್ತದೆ. ಹೋಲಿಕೆ ಇರುವುದು ಅಲ್ಲಿ. ನೀವು ನೇರ ಕಣ್ಣಿನ ರೆಪ್ಪೆಗೆ ಹೋಗಿ ಕೂರುತ್ತಿದ್ದೀರಿ ಅಂತ ನನಗೆ ಅನ್ನಿಸುತ್ತದೆ.

ಅಳತೆಗಳು ಗೊತ್ತಿರಲಿ. ನೆತ್ತಿಯಿಂದ ಗಲ್ಲದವರೆಗೆ ಅಳೆದರೆ ಕಣ್ಣು ಸರಿಯಾಗಿ ಅರ್ಧಕ್ಕೆ ಬರುತ್ತವೆ. ಹೊಸದಾಗಿ ಕಲಿಯುವವರು ಬಹಳ ಮಂದಿ ಕಣ್ಣನ್ನು ಮೇಲೆ ಇಡುತ್ತಾರೆ, ಹಣೆ ಚಿಕ್ಕದಾಗುತ್ತದೆ. ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣಿನಷ್ಟು ಜಾಗ. ಹುಬ್ಬಿನಿಂದ ಮೂಗಿನ ಬುಡದವರೆಗೆ ಕಿವಿ. ಆದರೆ ಈ ಅಳತೆಗೆ ಸರಿಯಾಗಿ ಕೂರುವ ಮುಖ ಯಾರದ್ದೂ ಅಲ್ಲ. ಎದುರಿಗಿರುವವರು ಈ ಅಳತೆಯಿಂದ ಎಲ್ಲಿ ತಪ್ಪುತ್ತಾರೋ, ಅದೇ ಅವರು. ಅದನ್ನೇ ಹುಡುಕಿ.

ಹೋದ ಸಂಚಿಕೆಯಲ್ಲಿ ಗಾಂಧಿ ಬಜಾರಿನಲ್ಲಿ ಹೂ ಕಟ್ಟುವ ಹೆಂಗಸಿನ ಚಿತ್ರ ಇತ್ತಲ್ಲ, ಅದರ ಕಥೆ ಹೇಳುತ್ತೇನೆ. ಅವರನ್ನು ಕೇಳಿ, ಒಪ್ಪಿಗೆ ಪಡೆದು, ಎರಡು ಮೊಳ ಕನಕಾಂಬರ ತಗೊಂಡು ಪಕ್ಕದಲ್ಲಿ ಕೂತೆ. ಮೊದಲ ಚಿತ್ರದಲ್ಲಿ ಅವರು ನನ್ನನ್ನೇ ನೋಡುತ್ತಿದ್ದರು, ಎಲ್ಲ ಅಳತೆಯೂ ಸರಿಯಿತ್ತು. ಆದರೂ ಅವರಾಗಿರಲಿಲ್ಲ. ಆಮೇಲೆ ಪೆನ್ಸಿಲ್ ಕೆಳಗಿಟ್ಟು ಸುಮ್ನೆ ನೋಡುತ್ತಾ ಕೂತೆ. ಬಾಳೆನಾರಿನ ಗಂಟು ಬಿಗಿಯುವ ಪ್ರತಿ ಸಲ ಅವರ ಗಲ್ಲ ಎದೆಯ ಕಡೆ ಇಳಿಯುತ್ತಿತ್ತು, ಕೆಳತುಟಿ ಒಂದು ಕ್ಷಣ ಹಲ್ಲಿನ ಕೆಳಗೆ ಹೋಗಿ ಬರುತ್ತಿತ್ತು, ಕಣ್ಣು ಬೆರಳಿನ ಮೇಲೆ. ಹಾಗೇ ಬರೆದೆ. ಕಣ್ಣಿಗೆ ಬರೀ ಎರಡು ಗೆರೆ, ರೆಪ್ಪೆಯ ಮೇಲಿನದು, ಕೆಳಗಿನದು. ಸಂಜೆ ಶಾಲೆಯಿಂದ ಬಂದ ಅವರ ಮಗಳು ನೋಡಿ, "ಅಮ್ಮ ಗಂಟು ಹಾಕೋವಾಗ ಹಿಂಗೇ ತುಟಿ ಕಚ್ಚೋದು" ಅಂತ ನಕ್ಕಳು. ಆ ಮಾತಿಗಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಇನ್ನೂ ಸಿಕ್ಕಿಲ್ಲ.

ತಪ್ಪು ಕಂಡುಹಿಡಿಯಲು ಎರಡು ಉಪಾಯ. ಚಿತ್ರವನ್ನು ಕನ್ನಡಿಯಲ್ಲಿ ನೋಡಿ, ಓರೆಯಾದದ್ದು ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಕಣ್ಣನ್ನು ಅರ್ಧ ಮುಚ್ಚಿ ನೋಡಿ, ಸಣ್ಣಪುಟ್ಟ ವಿವರ ಮಾಯವಾಗಿ ನೆರಳು ಬೆಳಕು ಮಾತ್ರ ಉಳಿಯುತ್ತವೆ. ಮತ್ತೆ, ನಗುವ ಬಾಯಿ ಬರೆಯುವಾಗ ಹಲ್ಲುಗಳ ನಡುವೆ ಗೆರೆ ಎಳೆಯಬೇಡಿ. ವಯಸ್ಸು ಹತ್ತು ವರ್ಷ ಜಾಸ್ತಿ ಆಗಿಬಿಡುತ್ತದೆ.

ಪ್ರಶ್ನೆ: ನನ್ನ ಮಗಳ ಕ್ರೇಯಾನ್ ಡಬ್ಬಿಯಲ್ಲಿ "ಸ್ಕಿನ್ ಕಲರ್" ಅಂತ ತಿಳಿಗುಲಾಬಿ ಬಣ್ಣ ಇದೆ. ಅದು ನಮ್ಮ ಮನೆಯಲ್ಲಿ ಯಾರ ಬಣ್ಣವೂ ಅಲ್ಲ ಅಂತ ಅವಳು ಕೇಳುತ್ತಾಳೆ. ನೀವು ಯಾವ ಬಣ್ಣ ಬಳಸುತ್ತೀರಿ?
(ತಾಯಿ, ಕೆಂಗೇರಿ)

ಉತ್ತರ: ನಿಮ್ಮ ಮಗಳ ಪ್ರಶ್ನೆ ತುಂಬ ಒಳ್ಳೆಯದು, ಅವಳಿಗೆ ನನ್ನ ಪ್ರೀತಿ ತಿಳಿಸಿ. ನಾನು ರೆಡಿ ಟ್ಯೂಬ್ ಯಾವತ್ತೂ ಮುಟ್ಟುವುದಿಲ್ಲ. ಬರ್ಂಟ್ ಸಿಯೆನ್ನಾ (ಕೆಂಪು ಬೆರೆತ ಕಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಅಲ್ಟ್ರಾಮರೀನ್ ನೀಲಿ, ಚೂರು ಕೆಂಪು. ಈ ನಾಲ್ಕರಲ್ಲಿ ನಮ್ಮ ಊರಿನ ಎಲ್ಲರ ಬಣ್ಣವೂ ಬರುತ್ತದೆ. ಕಪ್ಪು ಮೈಬಣ್ಣದ ನೆರಳಿಗೆ ಕಪ್ಪು ಹಾಕಿದರೆ ಚಿತ್ರ ಮಸಿ ಬಳಿದ ಹಾಗೆ ಆಗುತ್ತದೆ, ನೀಲಿ ಸೇರಿಸಿದರೆ ಉಸಿರಾಡುತ್ತದೆ. ಕೆನ್ನೆಯ ಮೂಳೆಯ ಮೇಲೆ ಬೆಳಕು ಬಿದ್ದ ಕಡೆ ಬಣ್ಣ ತೆಳುವಾಗಿರಲಿ, ಕಾಗದವೇ ಹೊಳೆಯುತ್ತದೆ.

ಎರಡು ವರ್ಷದ ಹಿಂದೆ ಮದುವೆ ಹುಡುಗಿಯೊಬ್ಬಳ ಚಿತ್ರ ಬರೆದುಕೊಟ್ಟಿದ್ದೆ. ಬರೆಸಿದವರು ನೋಡಿ, ಬಣ್ಣ ಸ್ವಲ್ಪ ತಿಳಿ ಮಾಡಿ ಅಂದರು. ನಾನು ಮಾಡಿದೆ. ಅವತ್ತು ದುಡ್ಡು ಬೇಕಿತ್ತು. ಚಿತ್ರ ಕೈಗೆ ಬಂದಾಗ ಆ ಹುಡುಗಿ, "ಇದು ನನ್ನ ತರಾ ಇಲ್ಲ" ಅಂತ ಮೆಲ್ಲಗೆ ಹೇಳಿದಳು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಈಗ ಕೆಲಸ ಒಪ್ಪಿಕೊಳ್ಳುವಾಗಲೇ ಹೇಳಿಬಿಡುತ್ತೇನೆ, ಬಣ್ಣ ಇದ್ದ ಹಾಗೇ ಬರೆಯುತ್ತೇನೆ ಅಂತ. ಒಪ್ಪದವರು ಬೇರೆ ಕಡೆ ಹೋಗುತ್ತಾರೆ, ಹೋಗಲಿ.

ಪ್ರಶ್ನೆ: ಟ್ಯಾಬ್ಲೆಟ್ ತಗೊಳ್ಳಲಾ, ಕಾಗದದಲ್ಲೇ ಮುಂದುವರಿಯಲಾ?
(ಪಿಯುಸಿ ವಿದ್ಯಾರ್ಥಿ, ಯಲಹಂಕ)

ಉತ್ತರ: ಸಾಲ ಮಾಡಿ ತಗೋಬೇಡಿ. ಜಲವರ್ಣಕ್ಕೆ 300 ಜಿಎಸ್ಎಂ ತೂಕದ ದಪ್ಪ ಕಾಗದ, ಎರಡು ಬ್ರಷ್, ಒಂದಿಷ್ಟು ಪೆನ್ಸಿಲ್ ಸಾಕು, ಇನ್ನೊಂದು ವರ್ಷ ಕೈ ಪಳಗಲಿ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಕೃತಾ ಅನ್ನುವ ಸಾಫ್ಟ್‌ವೇರ್ ಉಚಿತ, ಅದರಲ್ಲಿ ಲೇಯರ್ ಅಂದರೆ ಏನು ಅಂತ ಕಲಿಯಬಹುದು. ಮುಂದೆ ಪತ್ರಿಕೆಗೆ ಕೆಲಸ ಮಾಡುವಾಗ ಎ4 ಚಿತ್ರ 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕಿ) 2480×3508 ಪಿಕ್ಸೆಲ್ ಇರಬೇಕು, ಬಣ್ಣ ಸಿಎಂವೈಕೆಗೆ, ಅಂದರೆ ಅಚ್ಚಿನ ನಾಲ್ಕು ಶಾಯಿಯ ಲೆಕ್ಕಕ್ಕೆ, ಬದಲಾಯಿಸಿ ನೋಡಬೇಕು, ಇಲ್ಲದಿದ್ದರೆ ಸ್ಕ್ರೀನಿನಲ್ಲಿ ಮಿನುಗುವ ನೀಲಿ ಅಚ್ಚಿನಲ್ಲಿ ಮಂಕಾಗುತ್ತದೆ.

ಪ್ರಶ್ನೆ: ಒಂದು ಬೊಟಿಕ್‌ನವರು ಹತ್ತು ಚಿತ್ರ ಕೇಳಿದ್ದಾರೆ. "ಮೊದಲು ಬರೆದುಕೊಡಿ, ದುಡ್ಡಿನ ಮಾತು ಆಮೇಲೆ" ಅನ್ನುತ್ತಿದ್ದಾರೆ. ಚಿತ್ರದ ಹಕ್ಕು ಯಾರದ್ದು?
(ಫ್ರೀಲಾನ್ಸ್ ಇಲ್ಲಸ್ಟ್ರೇಟರ್, ಇಂದಿರಾನಗರ)

ಉತ್ತರ: ಪೆನ್ಸಿಲ್ ಎತ್ತಬೇಡಿ. ಮೊದಲು ಬರಹದಲ್ಲಿ ಒಪ್ಪಂದ ಆಗಲಿ, ಇಮೇಲ್‌ನಲ್ಲಿ ಶುರು ಮಾಡಿದರೂ ಸರಿ, ಸಹಿ ಆಗಲಿ.

ಹಕ್ಕಿನ ವಿಷಯ ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಚಿತ್ರ ಬರೆದವರೇ ಸಾಮಾನ್ಯವಾಗಿ ಅದರ ಹಕ್ಕಿನ ಮೊದಲ ಒಡೆಯರು. ಆದರೆ ಅದೇ ಸೆಕ್ಷನ್ನಿನಲ್ಲಿ ಒಂದು ವಿನಾಯಿತಿ ಇದೆ: ಯಾರಾದರೂ ಹಣ ಕೊಟ್ಟು ಪೇಂಟಿಂಗ್ ಅಥವಾ ಪೋರ್ಟ್ರೇಟ್ ಬರೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಬರೆಸಿದವರೇ ಮೊದಲ ಒಡೆಯರು. ಅಂದರೆ ಬಾಯಿಮಾತಿನಲ್ಲಿ ಕೆಲಸ ಮಾಡಿದರೆ ಹಕ್ಕು ನಿಮ್ಮ ಕೈ ತಪ್ಪಬಹುದು. ಹಕ್ಕು ವರ್ಗಾಯಿಸುವುದಾದರೆ ಅದೂ ಬರಹದಲ್ಲೇ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತದೊಳಗೆ ಮಾತ್ರ ಅಂತ 19ನೇ ಸೆಕ್ಷನ್ ಹೇಳುತ್ತದೆ.

ಇದನ್ನು ನಾನು ಕಲಿತದ್ದು ನಷ್ಟ ಆದ ಮೇಲೆ. ಒಂದು ಬಟ್ಟೆ ಅಂಗಡಿಯವರು ಗೋಡೆಗೆ ಹಾಕಲು ಅಂತ ನನ್ನಿಂದ ಚಿತ್ರ ಬರೆಸಿದರು. ಮೂರು ತಿಂಗಳಾದ ಮೇಲೆ ಮೆಟ್ರೋದಲ್ಲಿ ಎದುರು ಕೂತವರ ಕೈಚೀಲದ ಮೇಲೆ ಅದೇ ಚಿತ್ರ. ಕೇಳಿದರೆ, ದುಡ್ಡು ಕೊಟ್ಟಿದ್ದೀವಲ್ಲ ಅಂದರು. ನನ್ನ ಹತ್ತಿರ ತೋರಿಸಲು ಒಂದು ಸಾಲೂ ಇರಲಿಲ್ಲ.

ಹಾಗಾಗಿ ಈಗ ನನ್ನ ಪತ್ರದಲ್ಲಿ ಇಷ್ಟು ಇರುತ್ತದೆ: ಎಷ್ಟು ಚಿತ್ರ, ಎಲ್ಲಿ ಬಳಸುತ್ತಾರೆ, ಎಷ್ಟು ಕಾಲ, ಎಷ್ಟು ಸಲ ತಿದ್ದಿಕೊಡುತ್ತೇನೆ (ನಾನು ಎರಡು ಸಲ ಅಂತ ಬರೆಯುತ್ತೇನೆ), ಅರ್ಧ ಹಣ ಅಡ್ವಾನ್ಸ್, ಕೃತಿಸ್ವಾಮ್ಯ ನನ್ನದೇ. ಚೀಲಕ್ಕೆ, ಟೀ ಶರ್ಟಿಗೆ ಬೇಕಿದ್ದರೆ ಬೇರೆ ದರ. ಒಳ್ಳೆಯ ಗಿರಾಕಿಗಳು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ದೊಡ್ಡ ಮೊತ್ತದ ಕೆಲಸ ಆದರೆ ಒಮ್ಮೆ ವಕೀಲರಿಗೆ ತೋರಿಸಿ.

ಪ್ರಶ್ನೆ: ಎಐ ಒಂದು ನಿಮಿಷದಲ್ಲಿ ಚಿತ್ರ ಮಾಡಿಕೊಡುತ್ತದೆ. ಇನ್ನು ಕಲಿಯುವುದು ವ್ಯರ್ಥವಾ?
(ಹೆಸರು, ಊರು ಬರೆದಿಲ್ಲ)

ಉತ್ತರ: ನಿಮ್ಮ ಭಯ ಸುಳ್ಳಲ್ಲ. ಈ ವರ್ಷ ನನ್ನ ಕೈಯಿಂದಲೂ ಎರಡು ಸಣ್ಣ ಕೆಲಸ ಹೋದವು. ಹಿಂದೆಯೂ ಇಂಥ ಕಾಲ ಬಂದಿತ್ತು. ವೋಗ್ ಅನ್ನುವ ಫ್ಯಾಷನ್ ಪತ್ರಿಕೆಯ ಮುಖಪುಟ ಮೊದಲೆಲ್ಲ ಕಲಾವಿದರ ಕೈಚಿತ್ರವೇ, 1932ರಲ್ಲಿ ಮೊದಲ ಸಲ ಬಣ್ಣದ ಫೋಟೋ ಬಂತು. ನಿಧಾನವಾಗಿ ಫೋಟೋಗಳೇ ತುಂಬಿಕೊಂಡವು, ಎಷ್ಟೋ ಕಲಾವಿದರ ಕೆಲಸ ಹೋಯಿತು. ಆದರೂ ಆಮೇಲೆ ಕಲಾವಿದ ರೆನೆ ಗ್ರುವೋ ಪ್ಯಾರಿಸ್ಸಿನ ಫ್ಯಾಷನ್ ಸಂಸ್ಥೆ ಡಿಯೋರ್‌ಗೆ ಬರೆದ ಚಿತ್ರಗಳನ್ನು ಇವತ್ತಿಗೂ ಜನ ಹುಡುಕಿ ನೋಡುತ್ತಾರೆ. ದಪ್ಪ ಕಪ್ಪು ಗೆರೆ, ಒಂದು ಕೆಂಪು, ಉಳಿದದ್ದೆಲ್ಲ ಖಾಲಿ ಕಾಗದ.

ಎಐ ಮಾಡಿದ ಸೀರೆ ಚಿತ್ರಗಳನ್ನು ನಾನು ಕೂತು ನೋಡಿದ್ದೇನೆ. ಚೆಂದ ಇವೆ. ಆದರೆ ಹಲವದರಲ್ಲಿ ನೆರಿಗೆ ಸೊಂಟದಿಂದ ಹೊರಡುವುದೇ ಇಲ್ಲ, ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತದೆ, ಸೆರಗು ಗಾಳಿ ಇಲ್ಲದೆ ಹಾರುತ್ತದೆ. ನಾಳೆ ಅದೂ ಸರಿಹೋಗಬಹುದು. ಕೆಳಗಿನ ಮನೆಯ ಅಜ್ಜಿಯ ಎದುರು ಕೂತು ಬರೆದ ಆ ಮಧ್ಯಾಹ್ನಗಳು ಮಾತ್ರ ನನಗೆ ಬೇಕು, ಅದಕ್ಕೇ ಬರೆಯುತ್ತೇನೆ. ನಿಮಗೂ ಹಾಗೆ ಅನ್ನಿಸಿದರೆ ಕಲಿಯಿರಿ. ಬರೀ ಸಂಪಾದನೆಗೆ ಅಂತಾದರೆ, ಇನ್ನೊಂದು ಕೆಲಸ ಜೊತೆಗಿಟ್ಟುಕೊಂಡು ಕಲಿಯಿರಿ.

ಪ್ರಶ್ನೆ: ನನಗೆ 61 ವರ್ಷ. ಹೊಲಿಗೆ ಗೊತ್ತು, ಚಿತ್ರ ಗೊತ್ತಿಲ್ಲ. ಒಳ್ಳೆಯ ಚಿತ್ರ ನೋಡಲು ಬೆಂಗಳೂರಿನಲ್ಲಿ ಎಲ್ಲಿಗೆ ಹೋಗಲಿ?
(ಗೃಹಿಣಿ, ರಾಜಾಜಿನಗರ)

ಉತ್ತರ: ಅಮ್ಮಾ, ಹೊಲಿಗೆ ಗೊತ್ತಿದ್ದರೆ ಬಟ್ಟೆ ಹೇಗೆ ಬೀಳುತ್ತದೆ ಅಂತ ನಿಮ್ಮ ಕೈಗೆ ಆಗಲೇ ಗೊತ್ತು, ಅರ್ಧ ದಾರಿ ಬಂದಿದ್ದೀರಿ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಮೊದಲು ಹೋಗಿ. ಅಲ್ಲಿ ರೋರಿಕ್ ಅವರ ಚಿತ್ರಗಳಿವೆ. ರಷ್ಯಾ ಮೂಲದ ಕಲಾವಿದ ಸ್ವೆತೊಸ್ಲಾವ್ ರೋರಿಕ್ ಮತ್ತು ಅವರ ಹೆಂಡತಿ, ನಟಿ ದೇವಿಕಾ ರಾಣಿ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಇದ್ದವರು. ತೊಗಲು ಗೊಂಬೆಗಳನ್ನೂ ಬಿಡಬೇಡಿ, ಒಂದು ಗೆರೆಯಲ್ಲಿ ಸೀರೆಯ ಅಂಚು ಬರೆಯುವುದು ಹೇಗೆ ಅಂತ ಅವುಗಳಿಂದ ಕಲಿಯಬಹುದು. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ, ಸೋಮವಾರ ರಜೆ. ಅಲ್ಲಿ ಮರದ ಕೆಳಗೆ ಕೂರಲೂ ಜಾಗ ಇದೆ.

ಮತ್ತೆ ಜನವರಿಯ ಚಿತ್ರಸಂತೆಗೆ ತಪ್ಪದೆ ಬನ್ನಿ, ಪರಿಷತ್ತಿನ ಎದುರಿನ ರಸ್ತೆಯಲ್ಲೇ ನಡೆಯುತ್ತದೆ. ಬೆಳಿಗ್ಗೆ ಬೇಗ ಬನ್ನಿ, ಮಧ್ಯಾಹ್ನದ ಹೊತ್ತಿಗೆ ಕಾಲಿಡಲು ಜಾಗ ಇರುವುದಿಲ್ಲ. ರಸ್ತೆ ಬದಿಯಲ್ಲಿ ಕೂತು, ಎದುರಿಗಿರುವವರ ಮುಖ ಅಲ್ಲೇ ಬರೆದುಕೊಡುವ ಕಲಾವಿದರು ಸಿಗುತ್ತಾರೆ. ಅವರ ಬೆನ್ನ ಹಿಂದೆ ಹತ್ತು ನಿಮಿಷ ನಿಂತು, ಮೊದಲ ಗೆರೆ ಎಲ್ಲಿಂದ ಎಳೆಯುತ್ತಾರೆ ಅಂತ ನೋಡಿ.