ಕ್ವಾರ್ಟರ್‌ಬ್ಯಾಕ್ ಬದಲಿಸಬೇಕೋ, ಕೋಚ್ ಬದಲಿಸಬೇಕೋ?

ಪ್ರಶ್ನೆ: ನಾನು ದಾವಣಗೆರೆಯವನು. ಉದ್ಯೋಗದ ನಿಮಿತ್ತ 2021ರಿಂದ ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದ ರಿಜೈನಾ ನಗರದಲ್ಲಿದ್ದೇನೆ. ಇಲ್ಲಿಯ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಕೆನಡಾ ಮಾದರಿಯ ಆಟ) ತಂಡ ಸಸ್ಕ್ಯಾಚೆವಾನ್ ರಫ್‌ರೈಡರ್ಸ್ ಆಡುವ ದಿನ ಜನ ಹಸಿರು ಅಂಗಿ ತೊಟ್ಟು, ಕೊರೆದ ಕಲ್ಲಂಗಡಿಯನ್ನು ಟೋಪಿಯಂತೆ ತಲೆಗೇರಿಸಿಕೊಂಡು ಮೈದಾನಕ್ಕೆ ಹೊರಡುತ್ತಾರೆ. 2022ರಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ಆಕ್ರಮಣ ನಡೆಸಿ ಚೆಂಡು ಎಸೆಯುವ ಆಟಗಾರ, ಕೋಡಿ ಫಜಾರ್ಡೊ ಅವರನ್ನು ತೆಗೆಯಬೇಕೆಂದು ನನ್ನ ಸಹೋದ್ಯೋಗಿಗಳೆಲ್ಲ ಹೇಳುತ್ತಿದ್ದರು, ಅವರು ಹೋದರು. 2023ರಲ್ಲಿ ಕೋಚ್ ಕ್ರೇಗ್ ಡಿಕನ್ಸನ್ ಅವರನ್ನು ಕಳುಹಿಸಬೇಕೆಂದರು, ಅವರೂ ಹೋದರು. 2025ರಲ್ಲಿ ತಂಡ ಕೆನಡಾದ ಲೀಗಿನ ಗ್ರೇ ಕಪ್ ಗೆದ್ದ ಮೇಲೂ ಈ ವಾದ ನಿಂತಿಲ್ಲ. ಆ ಎರಡು ವರ್ಷಗಳ ಸೋಲಿಗೆ ನಿಜವಾಗಿ ಹೊಣೆ ಯಾರು?

ಉತ್ತರ: ನಿಮ್ಮ ಸಹೋದ್ಯೋಗಿಗಳು ಹೆಸರಿಸಿದ ಇಬ್ಬರಿಗೂ ಪಾಲಿದೆ, ಆದರೆ ದೊಡ್ಡ ಪಾಲು ಅವರು ಹೆಸರಿಸದವರದು ಎಂಬುದು ನನ್ನ ಅಭಿಪ್ರಾಯ. 2022ರಲ್ಲಿ ತಂಡ 18 ಪಂದ್ಯಗಳಲ್ಲಿ ಆರನ್ನು ಗೆದ್ದು ಹನ್ನೆರಡನ್ನು ಸೋತಿತು, ಕೊನೆಯ ಏಳು ಪಂದ್ಯಗಳನ್ನು ಸಾಲಾಗಿ ಸೋತಿತು. 2023ರಲ್ಲಿ ಕ್ವಾರ್ಟರ್‌ಬ್ಯಾಕ್ ಬದಲಾಗಿದ್ದರೂ ಲೆಕ್ಕ ಅಚ್ಚೊತ್ತಿದಂತೆ ಅದೇ: ಆರು ಗೆಲುವು, ಹನ್ನೆರಡು ಸೋಲು, ಕೊನೆಗೆ ಸಾಲಾಗಿ ಏಳು ಸೋಲು. ಹೊಸದಾಗಿ ಬಂದ ಟ್ರೆವರ್ ಹ್ಯಾರಿಸ್ ಜುಲೈ ತಿಂಗಳಲ್ಲೇ ಮೊಣಕಾಲಿನ ಬಳಿ ಮೂಳೆ ಮುರಿದುಕೊಂಡು ಉಳಿದ ಋತುವಿಡೀ ಹೊರಗುಳಿದರೆಂಬುದನ್ನು ಇದರೊಂದಿಗೆ ಸೇರಿಸಿಯೇ ಓದಬೇಕು.

ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಕೈಗೆ ತೆಗೆದುಕೊಂಡು ನಾಲ್ಕೈದು ಹೆಜ್ಜೆ ಹಿಂದಕ್ಕೆ ಸರಿದು, ಮುಂದೆ ಓಡುತ್ತಿರುವ ಸಹ ಆಟಗಾರರಲ್ಲಿ ಯಾರು ಬಿಡುವಾಗಿದ್ದಾರೆಂದು ಕಂಡುಕೊಳ್ಳಲು ಸಿಗುವ ಕಾಲ ಎರಡು ಮೂರು ಸೆಕೆಂಡು ಮಾತ್ರ. ಆ ಕಾಲವನ್ನು ಅವನಿಗೆ ದೊರಕಿಸಿಕೊಡುವವರು ಅವನ ಮುಂದೆ ಗೋಡೆಯಂತೆ ನಿಲ್ಲುವ ಐವರು ಭಾರಿ ಆಳುಗಳು. ಆಫೆನ್ಸಿವ್ ಲೈನ್ ಎಂದು ಕರೆಯುವ ಈ ಗೋಡೆ ಒಡೆದರೆ ಎದುರಾಳಿಗಳು ನುಗ್ಗಿ, ಚೆಂಡು ಕೈಯಲ್ಲಿರುವಾಗಲೇ ಅವನನ್ನು ನೆಲಕ್ಕೆ ಕೆಡವುತ್ತಾರೆ. ಅದಕ್ಕೆ ಸ್ಯಾಕ್ ಎಂದು ಹೆಸರು. 2022ರಲ್ಲಿ ಇಡೀ ಲೀಗಿನಲ್ಲಿ ಅತಿ ಹೆಚ್ಚು ಸ್ಯಾಕ್‌ಗಳಿಗೆ ಗುರಿಯಾದದ್ದು ಸಸ್ಕ್ಯಾಚೆವಾನ್ ತಂಡ. ನೋಯುವ ಮೊಣಕಾಲಿನಲ್ಲಿ ಆಡುತ್ತಿದ್ದ ಫಜಾರ್ಡೊ, ಒಂದು ಹಂತದ ಬಳಿಕ, ಚೆಂಡು ಎಸೆಯುವುದಕ್ಕೆ ಮೊದಲೇ ಹೊಡೆತ ಎಲ್ಲಿಂದ ಬರಬಹುದೆಂದು ಇಣುಕುತ್ತಿದ್ದರು. ಗ್ಯಾಲರಿಯಲ್ಲಿ ಕುಳಿತವರಿಗೆ ಕಂಡದ್ದು ತಡವಾದ ಎಸೆತ ಮಾತ್ರ. ಋತುವಿನ ಕೊನೆಯಲ್ಲಿ ಅವರನ್ನು ಹೊರಗೆ ಕೂರಿಸಿ ಮೇಸನ್ ಫೈನ್ ಅವರನ್ನು ಆಡಿಸಿದರು, ಅದರಿಂದಲೂ ಏನೂ ಸುಧಾರಿಸಲಿಲ್ಲ. ಆ ವರ್ಷದ ಗ್ರೇ ಕಪ್ ಫೈನಲ್ ನಡೆದದ್ದು ರಿಜೈನಾದ ಮೊಸಾಯಿಕ್ ಸ್ಟೇಡಿಯಂನಲ್ಲಿ. ತಮ್ಮ ಮನೆಯಂಗಳದಲ್ಲಿ ಪರರ ಮದುವೆ ನಡೆಯುವುದನ್ನು ನೋಡಬೇಕಾಗಿ ಬಂದ ಜನರ ಸಿಟ್ಟು ಎಷ್ಟಿತ್ತೆಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಆಡಳಿತವು ಆಗ ಡಿಕನ್ಸನ್ ಅವರನ್ನು ಉಳಿಸಿಕೊಂಡು, ಆಕ್ರಮಣ ವಿಭಾಗದ ಕೋಚ್ ಜೇಸನ್ ಮಾಸ್ ಅವರನ್ನು ಬಿಟ್ಟಿತು, ಫಜಾರ್ಡೊ ಅವರನ್ನೂ ಬಿಟ್ಟಿತು. ಮಾಂಟ್ರಿಯಲ್ ಅಲುವೆಟ್ಸ್ ತಂಡ ಮಾಸ್ ಅವರನ್ನು ಮುಖ್ಯ ಕೋಚ್ ಮಾಡಿಕೊಂಡಿತು, ಫಜಾರ್ಡೊ ಕೂಡ ಅಲ್ಲಿಗೇ ಹೋದರು. ಮಾಂಟ್ರಿಯಲ್‌ನಲ್ಲಿದ್ದ ಹ್ಯಾರಿಸ್ ರಿಜೈನಾಕ್ಕೆ ಬಂದರು. ಅದೇ ವರ್ಷ, 2023ರ ನವೆಂಬರ್‌ನಲ್ಲಿ, ಹ್ಯಾಮಿಲ್ಟನ್‌ನಲ್ಲಿ ನಡೆದ ಫೈನಲ್‌ನಲ್ಲಿ ಆಟ ಮುಗಿಯಲು 13 ಸೆಕೆಂಡು ಉಳಿದಿರುವಾಗ ಫಜಾರ್ಡೊ ಎಸೆದ ಚೆಂಡನ್ನು ಟೈಸನ್ ಫಿಲ್‌ಪಾಟ್ ಹಿಡಿದು ಟಚ್‌ಡೌನ್ (ಗೋಲುಗೆರೆಯಾಚೆ ಚೆಂಡು ತಲುಪಿಸಿ ಅಂಕ ಗಳಿಸುವುದು) ಮಾಡಿದರು. ಮಾಂಟ್ರಿಯಲ್ 28–24ರಿಂದ ವಿನಿಪೆಗ್ ತಂಡವನ್ನು ಸೋಲಿಸಿತು, ಪಂದ್ಯದ ಶ್ರೇಷ್ಠ ಆಟಗಾರನ ಗೌರವ ಫಜಾರ್ಡೊ ಅವರಿಗೆ ಸಂದಿತು. ರಿಜೈನಾ ಬೇಡವೆಂದ ಕೋಚ್ ಮತ್ತು ಕ್ವಾರ್ಟರ್‌ಬ್ಯಾಕ್ ಜೋಡಿಯೇ ಮರು ಋತುವಿನಲ್ಲೇ ಕಪ್ ಎತ್ತಿತ್ತು.

ಇದರಿಂದ ರಿಜೈನಾದವರು ಕೇವಲ ಮೂರ್ಖತನ ಮಾಡಿದರೆಂದು ತೀರ್ಮಾನಿಸುವುದೂ ಅವಸರವಾಗುತ್ತದೆ. 2025ರ ನವೆಂಬರ್ 16ರಂದು ವಿನಿಪೆಗ್‌ನಲ್ಲಿ ಅದೇ ಹ್ಯಾರಿಸ್ ಅದೇ ಮಾಸ್ ಅವರ ಮಾಂಟ್ರಿಯಲ್ ತಂಡವನ್ನು 25–17ರಿಂದ ಸೋಲಿಸಿ ತಾವೂ ಶ್ರೇಷ್ಠ ಆಟಗಾರರೆನಿಸಿದರು. ಫಜಾರ್ಡೊ ಆ ವೇಳೆಗೆ ಎಡ್ಮಂಟನ್ ಸೇರಿದ್ದರು. ಕೊಟ್ಟು ತೆಗೆದುಕೊಂಡ ಎರಡೂ ಮನೆಗಳಿಗೆ ಲಾಭವಾದ ಅಪರೂಪದ ಸಂಬಂಧವಿದು, ಒಂದು ಮನೆಗೆ ಎರಡು ವರ್ಷ ತಡವಾಗಿ.

ಪ್ರಶ್ನೆ: ಒಂದು ತಂಡದಲ್ಲಿ ಹನ್ನೆರಡು ಮಂದಿ ಆಡುವಾಗ ಒಬ್ಬ ಕ್ವಾರ್ಟರ್‌ಬ್ಯಾಕ್‌ಗೆ ಇಷ್ಟು ಮಹತ್ವವೇಕೆ? (ಮೈಸೂರಿನ ಓದುಗರು)

ಉತ್ತರ: ಅಮೆರಿಕದ ಆಟದಲ್ಲಿ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶಗಳಿವೆ, ಕೆನಡಾದಲ್ಲಿ ಮೂರೇ. ಮೂರನೆಯದರಲ್ಲಿ ವಿಫಲವಾದರೆ ಚೆಂಡು ಇದ್ದಲ್ಲೇ ಎದುರಾಳಿಯ ಪಾಲಾಗುವುದರಿಂದ ಬಹುತೇಕ ತಂಡಗಳು ಆಗ ಚೆಂಡನ್ನು ದೂರಕ್ಕೆ ಒದ್ದುಬಿಡುತ್ತವೆ. ಕೈಯಲ್ಲಿ ನಿಜವಾಗಿ ಉಳಿಯುವುದು ಎರಡು ಪ್ರಯತ್ನಗಳು. ಚೆಂಡು ಹಿಡಿದು ಓಡಿ ಎರಡೇ ಯತ್ನದಲ್ಲಿ ಹತ್ತು ಗಜ ಗಳಿಸುವುದು ಕಷ್ಟವಾದ್ದರಿಂದ ಎಸೆಯುವುದು ಅನಿವಾರ್ಯವಾಗುತ್ತದೆ, ಎಸೆಯುವವನು ಒಬ್ಬನೇ. ಮೈದಾನವೂ 65 ಗಜ ಅಗಲವಿರುವುದರಿಂದ ಅಂಚಿನವರೆಗೆ ಚೆಂಡು ತಲುಪಿಸಲು ತೋಳಿನಲ್ಲಿ ಬಲ ಬೇಕು.

ಪ್ರಶ್ನೆ: ನನ್ನ ಮಗಳು ಅದೇ ಪ್ರಾಂತ್ಯದ ಸಸ್ಕಟೂನ್ ನಗರದಲ್ಲಿದ್ದಾಳೆ. 2019ರಲ್ಲಿ ಅವಳ ಸ್ನೇಹಿತರೆಲ್ಲ ಫಜಾರ್ಡೊ ಅವರನ್ನು ದೇವರಂತೆ ಕಾಣುತ್ತಿದ್ದರಂತೆ. ಮೂರು ವರ್ಷಗಳಲ್ಲಿ ಅಭಿಮಾನಿಗಳ ಮನಸ್ಸು ಇಷ್ಟು ತಿರುಗಬಹುದೆ? (ಹುಬ್ಬಳ್ಳಿಯ ಓದುಗರು)

ಉತ್ತರ: ತಿರುಗಬಹುದು. ಫಜಾರ್ಡೊ ಅವರಿಗೆ ಜಾಗ ಸಿಕ್ಕಿದ್ದೇ ಇನ್ನೊಬ್ಬರು ಬಿದ್ದುದರಿಂದ ಎಂಬುದನ್ನು ನಿಮ್ಮ ಮಗಳ ಸ್ನೇಹಿತರು ಮರೆತಿರಬಹುದು. 2019ರ ಮೊದಲ ಪಂದ್ಯದ ಆರಂಭದಲ್ಲೇ ಕ್ವಾರ್ಟರ್‌ಬ್ಯಾಕ್ ಜ್ಯಾಕ್ ಕೊಲ್ಲಾರೋಸ್ ತಲೆಗೆ ಪೆಟ್ಟು ತಿಂದು ಹೊರಬಿದ್ದರು. ಫಜಾರ್ಡೊ ಒಳಗೆ ಬಂದರು, ತಂಡ 13 ಪಂದ್ಯ ಗೆದ್ದು ಪಶ್ಚಿಮ ವಿಭಾಗದಲ್ಲಿ ಮೊದಲ ಸ್ಥಾನಕ್ಕೇರಿತು. ಕೊಲ್ಲಾರೋಸ್ ಅವರನ್ನು ಟೊರೊಂಟೊಗೆ ಕೊಟ್ಟರು, ಅಲ್ಲಿಂದ ಅವರು ವಿನಿಪೆಗ್ ಸೇರಿದರು. ವಿಭಾಗದ ಫೈನಲ್‌ಗೆ ರಿಜೈನಾಕ್ಕೆ ಬಂದ ಎದುರಾಳಿ ಕ್ವಾರ್ಟರ್‌ಬ್ಯಾಕ್ ಅವರೇ!

ಆ ಪಂದ್ಯದ ಕೊನೆಯ ಎಸೆತವನ್ನು ಇಲ್ಲಿ ಹೇಳಲೇಬೇಕು. ವಿನಿಪೆಗ್ 20–13ರಿಂದ ಮುಂದಿತ್ತು. ಕೆನಡಾದ ಆಟದಲ್ಲಿ ಗೋಲುಕಂಬಗಳು ಮೈದಾನದ ತುದಿಯಲ್ಲಿಲ್ಲ, ಗೋಲುಗೆರೆಯ ಮೇಲೆಯೇ ನಿಂತಿವೆ. ಫಜಾರ್ಡೊ ಎಸೆದ ಚೆಂಡು ಗೆರೆಯಾಚೆಗಿದ್ದ ಸಹ ಆಟಗಾರನತ್ತ ಹೊರಟು ಕಂಬಗಳ ನಡುವಿನ ಅಡ್ಡಪಟ್ಟಿಗೆ ಬಡಿದು ಕೆಳಗೆ ಬಿತ್ತು. ಪಂದ್ಯ ಮುಗಿಯಿತು. ಸ್ವಲ್ಪ ಮೇಲೆ ಹೋಗಿದ್ದರೆ ಪಂದ್ಯ ಉಳಿಯುವ ಸಾಧ್ಯತೆಯಿತ್ತು, ಆ ಎಸೆತದಲ್ಲಿ ಫಜಾರ್ಡೊ ಅವರ ತಪ್ಪು ಎಷ್ಟು, ಕಂಬದ ತಪ್ಪು ಎಷ್ಟು ಎಂದು ಅಳೆಯುವ ಮಾಪಕ ಯಾರ ಬಳಿಯೂ ಇಲ್ಲ. (ಈ ಕಂಬಗಳನ್ನು 2027ರಿಂದ ಹಿಂದಕ್ಕೆ ಸರಿಸುವುದಾಗಿ ಲೀಗ್ ಪ್ರಕಟಿಸಿದೆ, ರಿಜೈನಾದಲ್ಲಿ ಎಂಟು ವರ್ಷ ತಡವಾಯಿತೆಂದು ನಿಟ್ಟುಸಿರಿಟ್ಟವರು ಇರಲೇಬೇಕು.) ಕೊಲ್ಲಾರೋಸ್ ವಿನಿಪೆಗ್‌ಗೆ 2019ರಲ್ಲಿಯೂ 2021ರಲ್ಲಿಯೂ ಕಪ್ ತಂದುಕೊಟ್ಟರು. ಹೀಗೆ ಸಸ್ಕ್ಯಾಚೆವಾನ್ ಕೈಬಿಟ್ಟ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳು ಐದು ವರ್ಷಗಳೊಳಗೆ ಮೂರು ಕಪ್ ಗೆದ್ದಿದ್ದಾರೆ.

ಪ್ರಶ್ನೆ: ಸೋಲುತ್ತಿರುವ ಕೋಚನ್ನು ಋತುವಿನ ನಡುವೆಯೇ ಏಕೆ ಕಳುಹಿಸುವುದಿಲ್ಲ? (ಬೆಂಗಳೂರಿನ ಓದುಗರು)

ಉತ್ತರ: ಕಳುಹಿಸಿದ್ದೂ ಉಂಟು. 2013ರಲ್ಲಿ ಇದೇ ರಿಜೈನಾಕ್ಕೆ ಕಪ್ ಗೆದ್ದುಕೊಟ್ಟ ಕೋರಿ ಚೇಂಬ್ಲಿನ್ ಅವರನ್ನು 2015ರಲ್ಲಿ ಮೊದಲ ಒಂಬತ್ತು ಪಂದ್ಯಗಳನ್ನೂ ಸೋತ ಮೇಲೆ ಕೆಲಸದಿಂದ ತೆಗೆದರು. ಈಗ ಕೈ ಕಟ್ಟಿಹಾಕುವುದು ಹಣದ ಲೆಕ್ಕ. ಆಟಗಾರರ ಸಂಬಳಕ್ಕೆ ಮಿತಿಯಿರುವಂತೆ 2019ರಿಂದ ಕೋಚ್‌ಗಳ ಮತ್ತು ಆಟದ ಆಡಳಿತದ ವೆಚ್ಚಕ್ಕೂ ಲೀಗ್ ಮಿತಿ ಹಾಕಿದೆ, ವಜಾಗೊಂಡವರಿಗೆ ಕೊಡಬೇಕಾದ ಬಾಕಿಯೂ ಅದರೊಳಗೇ ಸೇರುತ್ತದೆ. ಹೊಸಬರನ್ನು ತರಲು ಉಳಿಯುವ ಹಣ ಅಷ್ಟರಮಟ್ಟಿಗೆ ಕುಗ್ಗುತ್ತದೆ. ರಫ್‌ರೈಡರ್ಸ್‌ಗೆ ಒಬ್ಬ ಧನಿಕ ಮಾಲೀಕನೂ ಇಲ್ಲ; ಅದು ಸಮುದಾಯದ ಒಡೆತನದ ಕ್ಲಬ್.

ಪ್ರಶ್ನೆ: ಈಗಿನ ಕೋಚ್ ಕೋರಿ ಮೇಸ್ ಮುಂದಿನ ವರ್ಷಗಳಿಗೆ ತಂಡ ಕಟ್ಟಬೇಕೋ, ನಲವತ್ತರ ಹೊಸ್ತಿಲಿನ ಹ್ಯಾರಿಸ್ ಅವರನ್ನೇ ನೆಚ್ಚಿಕೊಳ್ಳಬೇಕೋ? (ರಿಜೈನಾದ ಮೇಲಿನ ಓದುಗರದೇ ಎರಡನೆಯ ಪ್ರಶ್ನೆ)

ಉತ್ತರ: ವಯಸ್ಸೊಂದನ್ನೇ ನೋಡಿ ಕೈಬಿಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಡೇಮನ್ ಅಲೆನ್ 2004ರಲ್ಲಿ 41ನೆಯ ವಯಸ್ಸಿನಲ್ಲಿ ಟೊರೊಂಟೊಗೆ ಕಪ್ ಗೆದ್ದುಕೊಟ್ಟು, ಮರುವರ್ಷ ಲೀಗಿನ ಶ್ರೇಷ್ಠ ಆಟಗಾರರೂ ಆದರು. ಅಲೆನ್ ಓಡಬಲ್ಲವರಾಗಿದ್ದರು. ಹ್ಯಾರಿಸ್ ನಿಂತಲ್ಲಿಂದಲೇ ಬೇಗನೆ, ಗುರಿ ತಪ್ಪದೆ ಎಸೆಯುವವರು. ಕಾಲು ನಿಧಾನವಾದರೂ ಕಣ್ಣು ಚುರುಕಾಗಿರುವವರೆಗೆ ಇಂಥ ಆಟ ನಡೆಯುತ್ತದೆ, ಮುಂದಿನ ಗೋಡೆ ಗಟ್ಟಿಯಾಗಿರಬೇಕಷ್ಟೆ.

ಮೇಸ್ ಅವರ ವಿಷಯದಲ್ಲಿ ನನಗೆ ಹೆಚ್ಚು ಮಹತ್ವದ್ದೆನಿಸುವುದು ಕೆಲಸದ ಹಂಚಿಕೆ. ಟೊರೊಂಟೊದಲ್ಲಿ ರಕ್ಷಣಾ ವಿಭಾಗ ನೋಡಿಕೊಳ್ಳುತ್ತಿದ್ದ ಅವರು ಇಲ್ಲಿಯೂ ಅದನ್ನು ತಾವೇ ಇಟ್ಟುಕೊಂಡು, ಆಕ್ರಮಣವನ್ನು ಮಾರ್ಕ್ ಮುಲ್ಲರ್ ಅವರಿಗೆ ಬಿಟ್ಟರು. ರಿಜೈನಾದವರೇ ಆದ ಮುಲ್ಲರ್, 1966ರಲ್ಲಿ ತಂಡಕ್ಕೆ ಮೊದಲ ಕಪ್ ತಂದ ಕ್ವಾರ್ಟರ್‌ಬ್ಯಾಕ್ ರಾನ್ ಲ್ಯಾಂಕಾಸ್ಟರ್ ಅವರ ಮೊಮ್ಮಗ. ಮೊದಲ ವರ್ಷ ಒಂಬತ್ತು ಗೆಲುವು, ಎರಡನೆಯ ವರ್ಷ ಹನ್ನೆರಡು ಗೆಲುವು ಮತ್ತು ಕಪ್ ಬಂದಿರುವಾಗ, ಹ್ಯಾರಿಸ್ ಆಡುವಷ್ಟು ಕಾಲ ಆಡಿಸಿ, ಅವರ ಪಕ್ಕದಲ್ಲಿ ಕಿರಿಯನೊಬ್ಬನನ್ನು ಇದೇ ಮುಲ್ಲರ್ ಕೈಯಲ್ಲಿ ಪಳಗಿಸುವುದು ಸರಿಯಾದ ದಾರಿ. ಕೋಚ್ ಹೋದರೆ ಆ ಕಿರಿಯನೂ ಮತ್ತೆ ಅ ಆ ಇ ಈಯಿಂದ ಶುರು ಮಾಡಬೇಕಾಗುತ್ತದೆ.

ನಿಮ್ಮ ಸಹೋದ್ಯೋಗಿಗಳು ಒಪ್ಪದಿದ್ದರೆ, ಮುಂದಿನ ಪಂದ್ಯದ ಮೊದಲ ಕಾಲು ಭಾಗದಲ್ಲಿ ಚೆಂಡಿನ ಮೇಲಿನ ಕಣ್ಣನ್ನು ತೆಗೆದು ಮುಂದಿನ ಸಾಲಿನ ಐವರನ್ನೇ ನೋಡಲು ಅವರಿಗೆ ಹೇಳಿ. ಕಲ್ಲಂಗಡಿ ತಲೆಯ ಮೇಲಿರುವಾಗ ಕಣ್ಣ ಮುಂದಿನ ಅಂಚನ್ನು ತುಸು ಮೇಲಕ್ಕೆ ಕೊರೆದುಕೊಳ್ಳಬೇಕಾದೀತು.