ಗೋಡೆ ಒಡೆದಿರುವಾಗಲೇ ಪೈಪ್ ಹಾಕಿಸಿ

ಹಳೇ ಮನೆ ರಿಪೇರಿ ನಡೀತಿದೆ, ಸ್ಪೀಕರ್, ಪ್ರೊಜೆಕ್ಟರ್, ಸ್ಮಾರ್ಟ್ ಸ್ವಿಚ್ ಇವುಗಳಲ್ಲಿ ಮೊದಲು ಏನು ಕೊಳ್ಳಲಿ ಅಂತ ಕೇಳಿದ್ದೀರಿ. ಈಗ ಯಾವುದನ್ನೂ ಕೊಳ್ಳಬೇಡಿ. ಆ ದುಡ್ಡನ್ನು ಗೋಡೆಯೊಳಗಿನ ವೈರಿಂಗ್‌ಗೆ ಹಾಕಿ. ಸಾಧನ ಯಾವಾಗ ಬೇಕಾದರೂ ಬದಲಿಸಬಹುದು, ಗೋಡೆ ಮತ್ತೆ ಒಡೆಯೋಕೆ ಆಗುತ್ತಾ?

ಎಲ್ಲಕ್ಕಿಂತ ಮುಖ್ಯ, ಪ್ರತಿ ಸ್ವಿಚ್ ಬಾಕ್ಸಿಗೂ ನ್ಯೂಟ್ರಲ್ ವೈರ್ (ಕರೆಂಟ್ ವಾಪಸ್ ಹೋಗುವ ವೈರ್) ಎಳೆಸಿ. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಸ್ವಿಚ್‌ಗೆ ಫೇಸ್ (ಕರೆಂಟ್ ಬರುವ ವೈರ್) ಮಾತ್ರ ಬಂದಿರುತ್ತದೆ. ಹೆಚ್ಚಿನ ಸ್ಮಾರ್ಟ್ ಸ್ವಿಚ್‌ಗಳು ನ್ಯೂಟ್ರಲ್ ಇಲ್ಲದೆ ಕೆಲಸ ಮಾಡುವುದಿಲ್ಲ. ಬಾಕ್ಸ್ ಆಳವಾಗಿಯೂ ಇರಲಿ, ಹಿಂದೆ ಸ್ಮಾರ್ಟ್ ಸ್ವಿಚ್‌ನ ಮಾಡ್ಯೂಲ್ ಕೂರಬೇಕಲ್ವಾ.

ಪ್ರತಿ ಕೋಣೆಗೆ ಎರಡು ಕ್ಯಾಟ್ 6 ಕೇಬಲ್ (ಇಂಟರ್ನೆಟ್ ಒಯ್ಯುವ ನೆಟ್‌ವರ್ಕ್ ಕೇಬಲ್), ವೈಫೈಗಾಗಿ ಹಾಲ್ ಸೀಲಿಂಗ್‌ಗೆ ಒಂದು. ಎಲ್ಲವೂ ಗಾಳಿಯಾಡುವ ಒಂದೇ ಕಪಾಟಿಗೆ ಬಂದು ಸೇರಲಿ. ಕರೆಂಟ್ ವೈರ್ ಇರುವ ಪೈಪಿನಲ್ಲಿ ಮಾತ್ರ ಇವನ್ನು ತುರುಕಲು ಬಿಡಬೇಡಿ. ಎಲೆಕ್ಟ್ರಿಷಿಯನ್ ಒಪ್ಪದಿದ್ದರೂ ಪಟ್ಟು ಹಿಡಿಯಿರಿ.

ಪ್ರೊಜೆಕ್ಟರ್ ಜಾಗಕ್ಕೆ 40 ಮಿಲಿಮೀಟರ್ ಖಾಲಿ ಪೈಪ್ ಹಾಕಿಸಿ, ಒಳಗೆ ಎಳೆಯಲು ದಾರ ಬಿಡಿ. ಚಿತ್ರ, ಧ್ವನಿ ಒಯ್ಯುವ ಎಚ್‌ಡಿಎಂಐ ಕೇಬಲ್‌ನ ಪ್ಲಗ್ ಅಗಲ, ಸಣ್ಣ ಪೈಪಿನ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಪ್ಲಾಸ್ಟರ್‌ಗೆ ಮುಂಚೆ ಅಳತೆ ಟೇಪ್ ಹಿಡಿದು ಪ್ರತಿ ಗೋಡೆಯ ಫೋಟೋ ತೆಗೆದಿಡಿ. ಆಮೇಲೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.