ಪೇತ್ರ ಮನೆಗೆ ಬಂದ, ಯಾಕೋಬ ಯಾಕೆ ಬರಲಿಲ್ಲ?

ಪ್ರಿಯ ಸಹೋದರಿ,

ನಿಮ್ಮ ಪತ್ರ ಬಂತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಊರಿನ ಹೆಸರನ್ನೂ ಬಿಟ್ಟಿದ್ದೇನೆ. ಆದರೆ ನೀವು ಕೇಳಿದ್ದೇನು ಅಂತ ಹೇಳದೆ ಉತ್ತರ ಕೊಟ್ಟರೆ ಉಳಿದ ಓದುಗರಿಗೆ ತಲೆಬುಡ ತಿಳಿಯುವುದಿಲ್ಲ. ಹಾಗಾಗಿ ಚುಟುಕಾಗಿ ಹೇಳಿಬಿಡುತ್ತೇನೆ.

ನಿಮ್ಮ ಯಜಮಾನರೂ ನಿಮ್ಮದೇ ಚರ್ಚ್ ಸಭೆಯ ಇನ್ನೊಬ್ಬರೂ ಒಂದೇ ವಾರ್ಡಿನಲ್ಲಿ, ಅಕ್ಕಪಕ್ಕದ ಬೆಡ್‌ನಲ್ಲಿ ಇದ್ದರು. ಸಭೆಯವರು ಇಬ್ಬರ ಹೆಸರನ್ನೂ ಸೇರಿಸಿ ಉಪವಾಸ ಪ್ರಾರ್ಥನೆ ಮಾಡಿದರು. ಅವರು ಮನೆಗೆ ಬಂದರು, ನಿಮ್ಮವರು ಬರಲಿಲ್ಲ. ಆಮೇಲೊಂದು ಭಾನುವಾರ ಅವರ ಹೆಂಡತಿ ಎದ್ದು ನಿಂತು, ದೇವರು ತಮಗೆ ಮಾಡಿದ್ದನ್ನು ನೆನೆದು ಸಾಕ್ಷಿ ಹೇಳಿದರು: ‘ದೇವರ ದಯೆ ನಮ್ಮ ಮನೆ ಮೇಲಿತ್ತು.’ ಎಲ್ಲರೂ ‘ಸ್ತೋತ್ರ’ ಅಂದರು. ನೀವೂ ಅಂದಿರಿ. ಈಗ ಕೇಳುತ್ತಿದ್ದೀರಿ: ‘ಹಾಗಾದ್ರೆ ನಮ್ಮ ಮನೆ ಮೇಲೆ ಇರಲಿಲ್ವಾ?’ ದೇವರು ಪಕ್ಷಪಾತಿಯಲ್ಲ ಅಂತ ಯೇಸುವಿನ ಶಿಷ್ಯ ಪೇತ್ರ ಹೇಳುತ್ತಾನೆ, ಅವಳಿ ಅಣ್ಣತಮ್ಮಂದಿರಲ್ಲಿ ಯಾಕೋಬನನ್ನು ಪ್ರೀತಿಸಿ ಏಸಾವನನ್ನು ದ್ವೇಷಿಸಿದೆ ಅಂತ ಪ್ರವಾದಿ ಮಲಾಕಿಯ ಪುಸ್ತಕದಲ್ಲಿ ದೇವರೇ ಹೇಳುತ್ತಾನೆ, ಎರಡರಲ್ಲಿ ಯಾವುದನ್ನು ನಂಬಲಿ ಅನ್ನುವುದು ಇನ್ನೊಂದು ಪ್ರಶ್ನೆ. ಕೊನೆಗೆ, ಸುಗ್ಗಿ ಹಬ್ಬದ ದಿನ ನೀವೂ ಒಂದು ಸಾಕ್ಷಿ ಹೇಳಬೇಕು ಅಂತ ಪಾಸ್ಟರ್ ಕೇಳಿದ್ದಾರೆ. ಏನು ಹೇಳಲಿ ಅಂತ ಬರೆದಿದ್ದೀರಿ.

ನಿಮ್ಮ ಬಾಯಿ ಮುಚ್ಚಿಸುವಂಥ ಉತ್ತರಗಳು ನಮ್ಮ ಹತ್ತಿರ ಬೇಕಾದಷ್ಟಿವೆ. ‘ಎಲ್ಲ ದೇವರ ಚಿತ್ತ’, ‘ಇಷ್ಟವಾದವರನ್ನು ಬೇಗ ಕರೆಸಿಕೊಳ್ಳುತ್ತಾನೆ’. ಸಾವಿನ ಮನೆಯಲ್ಲಿ ಇದನ್ನೆಲ್ಲ ಕೇಳಿ ಕೇಳಿ ನಿಮಗೆ ಸಾಕಾಗಿರುತ್ತದೆ. ಯೇಸು ಹೇಳಿದ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮ್ಯವನ್ನೂ (ದೃಷ್ಟಾಂತ ಕಥೆ) ಯಾರಾದರೂ ನಿಮಗೆ ಹೇಳಿರಬಹುದು. ಬೆಳಿಗ್ಗೆ ಬಂದವನಿಗೂ ಸಂಜೆ ಬಂದವನಿಗೂ ಯಜಮಾನ ಒಂದೇ ಕೂಲಿ ಕೊಟ್ಟ, ಕೇಳೋಕೆ ನೀನ್ಯಾರು ಅಂತ. ಆದರೆ ಆ ಕಥೆ ನಿಮಗೆ ಒಪ್ಪುವುದಿಲ್ಲ. ಅಲ್ಲಿ ಗೊಣಗಿದವನ ಕೈಗೂ ಪೂರ್ತಿ ದಿನದ ಕೂಲಿ ಬಂದಿತ್ತು. ಬೇರೆಯವನಿಗೂ ಅಷ್ಟೇ ಸಿಕ್ಕಿತಲ್ಲ ಅನ್ನುವುದಷ್ಟೇ ಅವನ ಹೊಟ್ಟೆಕಿಚ್ಚು. ನಿಮ್ಮದು ಹೊಟ್ಟೆಕಿಚ್ಚಲ್ಲ. ಪಕ್ಕದ ಬೆಡ್‌ನವರು ಬದುಕಿದ್ದಕ್ಕೆ ಸಂತೋಷವೇ ಇದೆ ಅಂತ ಎರಡು ಸಲ ಬರೆದಿದ್ದೀರಿ.

ಹಾಗಾಗಿ ಪೇತ್ರನಿಂದಲೇ ಶುರು ಮಾಡೋಣ. ನೀವು ಹಿಡಿದುಕೊಂಡಿರುವುದು ಅವನ ಮಾತನ್ನೇ.

ಅಪೊಸ್ತಲರ ಕೃತ್ಯಗಳು 10ನೇ ಅಧ್ಯಾಯ. ಕೊರ್ನೇಲ್ಯ ರೋಮ್ ಸೇನೆಯ ಶತಾಧಿಪತಿ, ಕೈಸರೈಯದಲ್ಲಿ ಇದ್ದವನು. ದಾನಧರ್ಮ ಮಾಡುತ್ತಿದ್ದ, ಪ್ರಾರ್ಥನೆ ಮಾಡುತ್ತಿದ್ದ, ಆದರೆ ಯೆಹೂದ್ಯನಲ್ಲ. ಅಂಥವನ ಹೊಸ್ತಿಲು ದಾಟಿ ಒಳಗೆ ಹೋಗುವುದೇ ಪೇತ್ರನಿಗೆ ಮೈಲಿಗೆಯ ವಿಷಯ. ಯೊಪ್ಪದಲ್ಲಿ, ಕಡಲ ಪಕ್ಕದ ಒಂದು ಮನೆಯ ಮಾಳಿಗೆ ಮೇಲೆ ಅವನಿಗೆ ದರ್ಶನವಾಗುತ್ತದೆ. ಮಟಮಟ ಮಧ್ಯಾಹ್ನ, ಹೊಟ್ಟೆ ಹಸಿದಿದೆ, ಕೆಳಗೆ ಅಡುಗೆ ಆಗುತ್ತಿದೆ. ಎಲ್ಲ ಬಗೆಯ ಪ್ರಾಣಿಗಳಿದ್ದ ದೊಡ್ಡ ಬಟ್ಟೆಯೊಂದು ಆಕಾಶದಿಂದ ಇಳಿಯುತ್ತದೆ. ತಿನ್ನು ಅಂದರೆ, ಅದರಲ್ಲಿ ಮೈಲಿಗೆಯವೂ ಇವೆ ಅಂತ ಇವನು ಒಲ್ಲೆ ಅನ್ನುತ್ತಾನೆ. ಮೂರು ಸಲ ಹೀಗಾಗುತ್ತದೆ. ಕಡೆಗೆ ಕೊರ್ನೇಲ್ಯನ ಮನೆಗೆ ಹೋಗಿ ನಿಂತಾಗ ಅವನ ಬಾಯಿಂದ ಬಂದ ಮಾತು ಅದು. ಅವನ ಮಾತಿನ ತಿರುಳು ಇಷ್ಟೇ: ದೇವರು ಮುಖ ನೋಡಿ ಮಣೆ ಹಾಕುವವನಲ್ಲ. ಯಾವ ಜನಾಂಗದವನಾದರೂ ಸರಿ, ಅವನ ಹತ್ತಿರ ಬರಬಹುದು. ಬಾಗಿಲಲ್ಲಿ ಕುಲ, ಗೋತ್ರ, ಸುನ್ನತಿ ಏನನ್ನೂ ಕೇಳುವುದಿಲ್ಲ. ಎಲ್ಲರಿಗೂ ಒಂದೇ ಆಯಸ್ಸು, ಒಂದೇ ಆರೋಗ್ಯ ಸಿಗುತ್ತದೆ ಅಂತ ಪೇತ್ರ ಅಲ್ಲಿ ಹೇಳಲೇ ಇಲ್ಲ. ಹೇಳಿದ್ದರೆ, ಎರಡೇ ಅಧ್ಯಾಯದ ಆಚೆ ಅವನ ಮಾತು ಸುಳ್ಳಾಗುತ್ತಿತ್ತು.

ಆ 12ನೇ ಅಧ್ಯಾಯವನ್ನು ದಯವಿಟ್ಟು ನಿಧಾನವಾಗಿ ಓದಿ. (ಈ ಉತ್ತರದಲ್ಲಿ ಮೂವರು ಯಾಕೋಬರು ಬರುತ್ತಾರೆ, ಗೊಂದಲ ಮಾಡ್ಕೋಬೇಡಿ. ಈಗ ಬರುವವನು ಯೋಹಾನನ ಸಹೋದರ, ಜೆಬೆದಾಯನ ಮಗ, ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬ.) ರಾಜ ಹೆರೋದ ಅಗ್ರಿಪ್ಪ ಈ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಒಂದೇ ಒಂದು ವಚನ, ಅಷ್ಟೇ. ಅವನು ಏನು ಮಾತಾಡಿದ, ಯಾರು ಅತ್ತರು, ಒಂದೂ ಇಲ್ಲ. ಇದು ಜನರಿಗೆ ಹಿಡಿಸಿತು ಅಂತ ನೋಡಿ ಹೆರೋದ ಪೇತ್ರನನ್ನೂ ಹಿಡಿಸಿದ. ನಾಲ್ಕು ನಾಲ್ಕು ಸಿಪಾಯಿಗಳ ನಾಲ್ಕು ತಂಡ, ಅಂದರೆ ಒಬ್ಬನಿಗೆ 16 ಜನ ಕಾವಲು. ಸಭೆ ಎಡೆಬಿಡದೆ ಪ್ರಾರ್ಥನೆ ಮಾಡಿತು. ರಾತ್ರಿ ದೇವದೂತ ಬಂದು ಪಕ್ಕೆ ತಟ್ಟಿ ಎಬ್ಬಿಸಿದ, ಸರಪಳಿ ಕಳಚಿತು, ಕಬ್ಬಿಣದ ಬಾಗಿಲು ತಾನಾಗಿ ತೆರೆಯಿತು. ಪೇತ್ರ ನೆಟ್ಟಗೆ ಮಾರ್ಕನ ತಾಯಿ ಮರಿಯಳ ಮನೆಗೆ ಬಂದು ಕದ ತಟ್ಟಿದ. ರೋದೆ ಅನ್ನುವ ಕೆಲಸದ ಹುಡುಗಿಗೆ ಅವನ ದನಿ ಗುರುತು ಸಿಕ್ಕಿತು. ಖುಷಿಯಲ್ಲಿ ಕದ ತೆಗೆಯುವುದನ್ನೇ ಮರೆತು ಒಳಗೆ ಓಡಿದಳು! ಒಳಗಿದ್ದವರು ‘ನಿನಗೆ ಹುಚ್ಚು’ ಅಂದರು. ಯಾರಿಗಾಗಿ ರಾತ್ರಿಯೆಲ್ಲ ಪ್ರಾರ್ಥಿಸುತ್ತಿದ್ದರೋ ಅವನೇ ಹೊರಗೆ ನಿಂತು ಕದ ತಟ್ಟುತ್ತಲೇ ಇದ್ದಾನೆ.

ಈ ಭಾಗವನ್ನು ಸಭೆಗಳಲ್ಲಿ ಎಷ್ಟೋ ಸಲ ಓದುತ್ತೇವೆ, ನಗುತ್ತೇವೆ. ಆದರೆ ಯಾಕೋಬನ ಮನೆಯವರಿಗೆ ಆ ರಾತ್ರಿ ಹೇಗಿದ್ದಿರಬಹುದು? ಅವನ ತಾಯಿ ಆಗ ಬದುಕಿದ್ದಳೋ ಇಲ್ಲವೋ ಬೈಬಲ್ ಹೇಳುವುದಿಲ್ಲ. ಬದುಕಿದ್ದರೆ, ಪೇತ್ರ ಬಂದ ಸುದ್ದಿ ಕೇಳಿ ಅವಳೂ ‘ಸ್ತೋತ್ರ’ ಅಂದಿರುತ್ತಾಳೆ. ನಿಮ್ಮ ಹಾಗೇ.

ಯಾಕೋಬನಿಗಾಗಿ ಸಭೆ ಪ್ರಾರ್ಥಿಸಿತು ಅಂತ ಬರೆದಿಲ್ಲ, ಅದಕ್ಕೇ ಅವನು ಸತ್ತ ಅಂತ ಪ್ರಸಂಗ ಮಾಡಿದವರನ್ನು ನಾನು ಕೇಳಿದ್ದೇನೆ. ಮೈ ಉರಿಯುತ್ತದೆ. ಬರೆಯದೆ ಬಿಟ್ಟಿದ್ದನ್ನು ಹಿಡಿದುಕೊಂಡು ಸತ್ತವನ ಮೇಲೂ ಅವನಿಗಾಗಿ ಅತ್ತವರ ಮೇಲೂ ತಪ್ಪು ಹೊರಿಸುವುದು ಯಾವ ಸೀಮೆ ನ್ಯಾಯ? ಈ ಪುಸ್ತಕ ಬರೆದ ಲೂಕ ಕಾರಣ ಕೊಡುವುದಿಲ್ಲ. ಕೊಡಬೇಕು ಅಂತ ಅವನಿಗೆ ಅನ್ನಿಸಿದ ಹಾಗೂ ಇಲ್ಲ. ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ಮುಂದೆ ಹೋಗಿಬಿಡುತ್ತಾನೆ.

ಈ ಯಾಕೋಬನ ತಾಯಿಯ ಕಥೆ ಇನ್ನೊಂದಿದೆ. ಆಗಲೇ ಹೇಳಿದ ದ್ರಾಕ್ಷಿತೋಟದ ಸಾಮ್ಯ ಇರುವ ಮತ್ತಾಯ 20ರಲ್ಲೇ, ಸ್ವಲ್ಪ ಕೆಳಗೆ. ಇವಳು ಇಬ್ಬರು ಮಕ್ಕಳನ್ನೂ ಕರೆದುಕೊಂಡು ಯೇಸುವಿನ ಹತ್ತಿರ ಶಿಫಾರಸಿಗೆ ಬರುತ್ತಾಳೆ. ನಿನ್ನ ರಾಜ್ಯದಲ್ಲಿ ಒಬ್ಬನನ್ನು ಬಲಗಡೆ, ಇನ್ನೊಬ್ಬನನ್ನು ಎಡಗಡೆ ಕೂರಿಸಿಕೋ ಅಂತ. ಯಾವ ತಾಯಿ ಕೇಳುವುದಿಲ್ಲ ಹೇಳಿ? ಯೇಸು ಬೈಯುವುದಿಲ್ಲ. ನನ್ನ ಪಾತ್ರೆಯಲ್ಲಿ ನೀವೂ ಕುಡಿಯುತ್ತೀರಿ (ಅಂದರೆ ನನ್ನ ಕಷ್ಟದಲ್ಲಿ ನಿಮಗೂ ಪಾಲಿದೆ), ಆದರೆ ಆ ಜಾಗ ಕೊಡುವುದು ನನ್ನ ಕೈಯಲ್ಲಿಲ್ಲ ಅನ್ನುತ್ತಾನೆ. ಆಮೇಲೆ 27ನೇ ಅಧ್ಯಾಯಕ್ಕೆ ಬನ್ನಿ. ಶಿಲುಬೆಯಲ್ಲಿ ಅವನ ಬಲಗಡೆ ಒಬ್ಬ ಕಳ್ಳ, ಎಡಗಡೆ ಒಬ್ಬ ಕಳ್ಳ. ದೂರದಲ್ಲಿ ನಿಂತು ನೋಡುತ್ತಿದ್ದ ಹೆಂಗಸರ ಪಟ್ಟಿಯಲ್ಲಿ ಜೆಬೆದಾಯನ ಮಕ್ಕಳ ತಾಯಿಯೂ ಇದ್ದಾಳೆ. ತಾನು ಮಕ್ಕಳಿಗೆ ಕೇಳಿದ್ದ ಜಾಗದಲ್ಲಿ ಯಾರಿದ್ದಾರೆ ಅಂತ ಅವಳು ಕಣ್ಣಾರೆ ನೋಡಿದಳು.

ನಾನು ಹೇಳಬೇಕು ಅಂದುಕೊಂಡಿದ್ದು ಇದನ್ನೇ. ಬೈಬಲ್ಲಿನಲ್ಲಿ ದೇವರು ಆರಿಸಿಕೊಂಡವರ ಬಾಳು ಬೇರೆಯವರಿಗಿಂತ ಸಲೀಸಾಗಿದ್ದದ್ದು ಬಹಳ ಕಡಿಮೆ. ‘ದಯೆ ಹೊಂದಿದವಳೇ’ ಅಂತ ದೂತನಿಂದ ಕರೆಸಿಕೊಂಡ ಮರಿಯಳಿಗೆ ಸಿಕ್ಕಿದ್ದೇನು? ಹೆರಿಗೆಗೆ ಜಾಗ ಇರಲಿಲ್ಲ, ಕೂಸನ್ನು ಎತ್ತಿಕೊಂಡು ಐಗುಪ್ತಕ್ಕೆ ಓಡಬೇಕಾಯಿತು, ಆ ಮಗನ ಸಾವನ್ನು ಎದುರಿಗೆ ನಿಂತು ನೋಡಬೇಕಾಯಿತು. ಅವಳ ಮನೆ ಮೇಲೆ ದಯೆ ಇರಲಿಲ್ಲ ಅಂತ ಯಾರಾದರೂ ಅನ್ನುತ್ತಾರಾ? ಆಮೋಸನ ಪುಸ್ತಕದಲ್ಲಂತೂ ದೇವರು ಇಸ್ರಾಯೇಲಿಗೆ ಕಡ್ಡಿ ಮುರಿದಂತೆ ಹೇಳುತ್ತಾನೆ: ಭೂಮಿಯ ಎಲ್ಲ ಕುಲಗಳಲ್ಲಿ ನಿಮ್ಮನ್ನೇ ಆರಿಸಿಕೊಂಡೆ, ಅದಕ್ಕೇ ನಿಮ್ಮ ತಪ್ಪಿಗೆ ನಿಮಗೆ ಶಿಕ್ಷೆ. ಅದೇ ಆಮೋಸನ ಕೊನೆಯ ಅಧ್ಯಾಯದಲ್ಲಿ, ನಿಮ್ಮನ್ನು ಐಗುಪ್ತದಿಂದ ಕರೆತಂದ ಹಾಗೇ ಫಿಲಿಷ್ಟಿಯರನ್ನು ಕಫ್ತೋರಿನಿಂದ ಕರೆತಂದವನೂ ನಾನೇ ಅಲ್ವಾ ಅಂತ ಕೇಳುತ್ತಾನೆ. ಫಿಲಿಷ್ಟಿಯರು ಅಂದರೆ ಅವರ ಬದ್ಧ ವೈರಿಗಳು!

ಈಗ ಏಸಾವ. ಮಲಾಕಿ ಆ ಮಾತು ಹೇಳುವ ಹೊತ್ತಿಗೆ ಅಣ್ಣತಮ್ಮ ಇಬ್ಬರೂ ಸತ್ತು ಎಷ್ಟೋ ತಲೆಮಾರು ಕಳೆದಿತ್ತು. ಅಲ್ಲಿ ಮಾತಿರುವುದು ಅವರ ವಂಶದ ಎರಡು ಜನಾಂಗಗಳ ಬಗ್ಗೆ: ಯಾಕೋಬನಿಂದ ಇಸ್ರಾಯೇಲ್, ಏಸಾವನಿಂದ ಎದೋಮ್. ಹಾಗಂತ ಆ ಮಾತಿನ ಬಿಸಿ ಆರುವುದಿಲ್ಲ, ಗೊತ್ತು. ರೋಮಾಪುರದವರಿಗೆ ಬರೆದ ಪತ್ರಿಕೆಯ 9ನೇ ಅಧ್ಯಾಯದಲ್ಲಿ ಪೌಲ ಅದನ್ನು ಎತ್ತಿಕೊಂಡ ಮೇಲೆ ಆಗಸ್ಟೀನನಿಂದ ಕ್ಯಾಲ್ವಿನ್ ತನಕ, 1618–19ರ ಡಾರ್ಟ್ ಮಹಾಸಭೆಯಿಂದ ವೆಸ್ಲಿ ತನಕ ದೊಡ್ಡ ದೊಡ್ಡ ಕ್ರೈಸ್ತ ಪಂಡಿತರು, ದೇವರು ಕೆಲವರನ್ನಷ್ಟೇ ಮೊದಲೇ ಆರಿಸಿಕೊಳ್ಳುತ್ತಾನಾ ಅಂತ ಜಗಳವಾಡಿದ್ದಾರೆ. ಆ ಕಣಕ್ಕೆ ನಾನು ಇಳಿಯುವುದಿಲ್ಲ. ನನ್ನಂಥವನಿಂದ ಅದು ಬಗೆಹರಿಯುವುದೂ ಇಲ್ಲ.

ಆದರೆ ಆದಿಕಾಂಡವನ್ನು ಸುಮ್ನೆ ಕಥೆಯಾಗಿ ಓದಿ ನೋಡಿ. ಪ್ರೀತಿ ಸಿಕ್ಕ ಯಾಕೋಬ ಮನೆ ಬಿಟ್ಟು ಓಡಿದ, ಮಾವನಿಂದ ಮೋಸ ಹೋದ, ಕುಂಟುತ್ತ ಊರಿಗೆ ಬಂದ, ಪ್ರೀತಿಯ ಹೆಂಡತಿಯನ್ನು ದಾರಿಯಲ್ಲೇ ಕಳೆದುಕೊಂಡ, ಮಗ ಸತ್ತ ಅಂತ ವರ್ಷಗಟ್ಟಲೆ ಅತ್ತ. 130ನೇ ವಯಸ್ಸಿನಲ್ಲಿ ಫರೋಹನ ಮುಂದೆ ನಿಂತು, ನನ್ನ ದಿನಗಳು ಸ್ವಲ್ಪವೂ ಹೌದು, ದುಃಖದವೂ ಹೌದು ಅಂದ. ಏಸಾವನೋ, 400 ಜನರನ್ನು ಕಟ್ಟಿಕೊಂಡು ಬಂದು ತಮ್ಮನನ್ನು ತಬ್ಬಿಕೊಂಡು ಅತ್ತ. ಕಾಣಿಕೆ ಕೊಡಲು ಹೋದರೆ, ನನಗೆ ಬೇಕಾದಷ್ಟಿದೆ ತಮ್ಮಾ, ನಿನ್ನದು ನಿನಗೇ ಇರಲಿ ಅಂದ. ಮುಂದೆ ಇಸ್ರಾಯೇಲ್ಯರು ಆ ದಾರಿಯಲ್ಲಿ ಬಂದಾಗ ದೇವರು ಅವರಿಗೆ ಹೇಳಿದ್ದೂ ಬರೆದಿದೆ: ಸೇಯೀರ್ ಬೆಟ್ಟವನ್ನು ಏಸಾವನಿಗೆ ನಾನು ಕೊಟ್ಟಿದ್ದೇನೆ, ಅದರಲ್ಲಿ ಒಂದು ಹೆಜ್ಜೆಯಷ್ಟು ನೆಲವೂ ನಿಮಗಿಲ್ಲ. ಇಬ್ಬರ ಬಾಳನ್ನೂ ಹೊರಗಿನಿಂದ ನೋಡಿದ ಪಕ್ಕದ ಮನೆಯವರು ಯಾರ ಮೇಲೆ ದಯೆ ಇತ್ತು ಅನ್ನುತ್ತಿದ್ದರು?

ಸಾಕ್ಷಿ ಹೇಳಿದ ಆ ತಾಯಿ ತಪ್ಪು ಮಾಡಿದರು ಅಂತ ನಾನು ಅನ್ನುವುದಿಲ್ಲ. ಗಂಡ ಬದುಕಿ ಬಂದಾಗ ಬಾಯಿಗೆ ಬರುವುದು ಅದೇ ಮಾತು. ತಪ್ಪು ಸಭೆಯದು. ಬದುಕಿದವರಿಗೆ ಮೈಕ್ ಕೊಡುತ್ತೇವೆ, ಸತ್ತವರ ಮನೆಯವರನ್ನು ಹಿಂದಿನ ಬೆಂಚಿಗೆ ಬಿಟ್ಟುಬಿಡುತ್ತೇವೆ. ವೀಸಾ ಬಂತು ಅಂತ ಸಾಕ್ಷಿ, ಸೈಟ್ ರಿಜಿಸ್ಟರ್ ಆಯಿತು ಅಂತ ಸಾಕ್ಷಿ. ವೀಸಾ ಬರದವರು, ಬಾಡಿಗೆ ಮನೆಯವರು ಕೂತು ಕೇಳಬೇಕು. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯದಲ್ಲಿ ಹೀಗಿಲ್ಲ. 34ನೇ ವಚನದಲ್ಲಿ ನಂಬಿಕೆಯಿಂದ ಕತ್ತಿಯ ಬಾಯಿಂದ ತಪ್ಪಿಸಿಕೊಂಡವರಿದ್ದಾರೆ, 37ನೇ ವಚನದಲ್ಲಿ ಕತ್ತಿಗೆ ಬಲಿಯಾದವರೂ ಇದ್ದಾರೆ. ಒಂದೇ ಪಟ್ಟಿ. ಸತ್ತವರ ನಂಬಿಕೆ ಒಂದು ಗುಲಗಂಜಿ ಕಡಿಮೆ ಅಂತ ಎಲ್ಲೂ ಇಲ್ಲ.

ಮುಖ ನೋಡುವ ಚಾಳಿ ನಮ್ಮದು, ಅದನ್ನು ದೇವರ ತಲೆಗೆ ಕಟ್ಟುತ್ತೇವೆ ಅಂತ ನನಗೆ ಅನ್ನಿಸುತ್ತದೆ. ಕೊರ್ನೇಲ್ಯನ ಮನೆಯಲ್ಲಿ ಅಷ್ಟು ದೊಡ್ಡ ಮಾತಾಡಿದ ಪೇತ್ರನೇ ಆಮೇಲೆ ಅಂತಿಯೋಕ್ಯದಲ್ಲಿ ಯೆರೂಸಲೇಮಿನಿಂದ ನಾಲ್ಕು ಜನ ಬಂದ ಕೂಡಲೇ ಯೆಹೂದ್ಯರಲ್ಲದವರ ಪಂಕ್ತಿಯಿಂದ ಎದ್ದುಬಿಟ್ಟ. ಪೌಲ ಎಲ್ಲರ ಎದುರಿಗೇ ಅವನನ್ನು ತರಾಟೆಗೆ ತೆಗೆದುಕೊಂಡ. ಮೂರನೆಯ ಯಾಕೋಬ, ಬೈಬಲ್ಲಿನಲ್ಲಿ ಅವನ ಹೆಸರಿನಲ್ಲೇ ಇರುವ ಪತ್ರ ಬರೆದವನು, ಚಿನ್ನದ ಉಂಗುರ ಹಾಕಿಕೊಂಡು ಬಂದವನಿಗೆ ಒಳ್ಳೆ ಜಾಗ, ಕೊಳೆ ಬಟ್ಟೆಯವನಿಗೆ ಕಾಲ ಬುಡ ತೋರಿಸುವ ಸಭೆಯನ್ನು ಚೆನ್ನಾಗಿಯೇ ಬೈಯುತ್ತಾನೆ. ನಮ್ಮಲ್ಲಿ ಶಾಸಕರು ಬಂದರೆ ಪ್ರಸಂಗ ಅರ್ಧಕ್ಕೆ ನಿಲ್ಲುತ್ತದೆ, ಬಿಳಿ ಟವೆಲ್ ಹೊದಿಸಿದ ಕುರ್ಚಿ ಮುಂದೆ ಬರುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು ಸಭೆಯೊಳಗೆ ಜಾತಿ ಕೂಡದು ಅಂತ ಪಟ್ಟು ಹಿಡಿದಿದ್ದರು. ಜಾತಿ ಬಿಟ್ಟು ಬಂದವರಿಗೆ ಮನೆಯೂ ಹೋಗುತ್ತಿತ್ತು, ಕಸುಬೂ ಹೋಗುತ್ತಿತ್ತು. ಅವರ ನೇಯ್ಗೆ, ಹೆಂಚಿನ ಕಾರ್ಖಾನೆಗಳು ಹುಟ್ಟಲು ಅದೂ ಒಂದು ಕಾರಣ. ಇಷ್ಟೆಲ್ಲ ಆಗಿಯೂ, ಕಥೋಲಿಕರಾಗಲಿ ಪ್ರೊಟೆಸ್ಟೆಂಟರಾಗಲಿ, ಮದುವೆ ಮಾತು ಬಂದಾಗ ‘ಅವರು ಮೊದಲು ಯಾರು?’ ಅಂತ ಪಿಸುಗುಡುವುದು ನಿಂತಿದೆಯಾ?

ಧರ್ಮೋಪದೇಶಕಾಂಡ 10ನೇ ಅಧ್ಯಾಯದಲ್ಲಿ ದೇವರು ಮುಖ ನೋಡುವವನಲ್ಲ, ಲಂಚ ತೆಗೆದುಕೊಳ್ಳುವವನಲ್ಲ ಅಂತ ಮೋಶೆ ಹೇಳುತ್ತಾನೆ. ಅದರ ಮುಂದಿನ ವಚನವೇ ಅನಾಥರ, ವಿಧವೆಯರ ನ್ಯಾಯ ನೋಡುವವನು ಅಂತ. ಪಕ್ಷಪಾತ ಮಾಡದವನು ನಡುವೆ ಕೈಕಟ್ಟಿ ನಿಂತಿಲ್ಲ. ಅವನು ನಿಮ್ಮ ಪಕ್ಷ. ನಿಮ್ಮ ಯಜಮಾನರು ಯಾಕೆ ಬರಲಿಲ್ಲ ಅನ್ನುವುದಕ್ಕೆ ಇದು ಉತ್ತರ ಅಲ್ಲ. ಆ ಉತ್ತರ ನನ್ನ ಹತ್ತಿರ ಇಲ್ಲ, ಇದೆ ಅನ್ನುವವರನ್ನು ನಂಬಬೇಡಿ.

ಪತ್ರದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ: ಸಮಾಧಿ ಆದ ಮೇಲೆ ಸಭೆಯಿಂದ ಮನೆ ಕಡೆ ಬಂದವರು ಒಬ್ಬರೇ, ಅವರೂ ಕಾಣಿಕೆ ರಸೀದಿ ಪುಸ್ತಕ ಹಿಡಿದುಕೊಂಡು ಬಂದಿದ್ದರು. ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಚುಚ್ಚಿದ ಸಾಲು ಅದು. ಆಸ್ಪತ್ರೆ ಬಿಲ್ಲಿನ ಸಾಲ, ವಿಧವಾ ವೇತನದ ಅರ್ಜಿ, ಮರಣ ಪತ್ರಕ್ಕೆ ಓಡಾಟ, ಇದಕ್ಕೆಲ್ಲ ಜೊತೆ ಬರಬೇಕಾದವರು ನಿಮ್ಮ ಸಭೆಯವರು. ಕೇಳಿ. ಸಂಕೋಚ ಬೇಡ, ಅದು ಭಿಕ್ಷೆ ಅಲ್ಲ.

ಇನ್ನು ಸುಗ್ಗಿ ಹಬ್ಬದ ಸಾಕ್ಷಿ. ಬೇಡ ಅನ್ನಿಸಿದರೆ ‘ಈ ವರ್ಷ ಬೇಡ’ ಅಂದುಬಿಡಿ, ಅದರಲ್ಲಿ ಪಾಪ ಇಲ್ಲ. ಹೇಳಲೇಬೇಕು ಅನ್ನಿಸಿದರೆ, ಇಲ್ಲದ ಸಂತೋಷವನ್ನು ಮುಖದ ಮೇಲೆ ತಂದುಕೊಳ್ಳಬೇಡಿ. 88ನೇ ಕೀರ್ತನೆ ಓದಿ. ಇಡೀ ಕೀರ್ತನೆಯಲ್ಲಿ ಒಂದು ಸಮಾಧಾನದ ಸಾಲೂ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಬೈಬಲ್ಲಿನಲ್ಲೇ ಇದೆ. ಓದಿ, ಯಜಮಾನರ ಹೆಸರು ಹೇಳಿ, ಕೂತುಕೊಳ್ಳಿ. ಹಬ್ಬದ ದಿನ ಇದೆಲ್ಲ ಯಾಕೆ ಅಂತ ಪಾಸ್ಟರ್ ಕೇಳಿದರೆ ಈ ಪುಟ ತೋರಿಸಿ. ಅದಕ್ಕೂ ಒಪ್ಪದಿದ್ದರೆ ನನಗೊಂದು ಫೋನ್ ಮಾಡಲು ಹೇಳಿ, ನಾನು ಮಾತಾಡುತ್ತೇನೆ.

ನಿಮ್ಮ ಸಹೋದರ,
ಸಂಪಾದಕ